168 ಕಿಲೋಮೀಟರ್, 35 ನಿಮಿಷ; ವಿಮಾನ ಎಲ್ಲಿ?

ಮೊನ್ನೆ ಹಂಪಿಯಲ್ಲಿ ಚಿತ್ರೀಕರಣ ಮುಗಿಸಿ, ಕ್ಯಾಮೆರಾ ಎಲ್ಲ ಗಾಡಿಗೆ ಹಾಕಿ, ಚಹಾ ಕುಡೀತಾ ನಿಂತಿದ್ದೆ. ಒಬ್ಬರು ಗೈಡ್ ಪಕ್ಕಕ್ಕೆ ಬಂದರು. ಮೂವತ್ತು ವರ್ಷದಿಂದ ಅಲ್ಲಿನ ಕಲ್ಲುಗಳ ಕಥೆ ಹೇಳಿಕೊಂಡೇ ಮನೆ ನಡೆಸಿದವರು. ಕನ್ನಡ, ಇಂಗ್ಲಿಷ್, ಹಿಂದಿ ಮೂರರಲ್ಲೂ ಒಂದೇ ವೇಗ. ನನ್ನನ್ನು ನೋಡಿ ಅಂದರು: "ಸರ್, ನೀವು ಟಿವಿಯವ್ರು. ಅದ್ರಾಗ ಇಂಜಿನಿಯರಿಂಗ್ ಬ್ಯಾರೆ ಓದೀರಂತ. ಹುಬ್ಬಳ್ಳಿ ಏರ್‌ಪೋರ್ಟಿಂದ ನಮ್ಮ ತೋರಣಗಲ್ಲಿನ ಏರ್‌ಪೋರ್ಟಿಗೆ ವಿಮಾನದಾಗ ಎಷ್ಟ್ ಹೊತ್ತಿನ ದಾರಿ, ಹೇಳ್ರಿ ನೋಡೋಣ."

ಇಂಥ ಪ್ರಶ್ನೆ ಕೇಳಿದರೆ ನನ್ನೊಳಗಿನ ಇಂಜಿನಿಯರ್ ಎದ್ದು ಕೂರ್ತಾನೆ. ಅಲ್ಲೇ ಚಹಾ ಲೋಟ ಕಟ್ಟೆ ಮೇಲಿಟ್ಟು ಲೆಕ್ಕ ಹಾಕಿದೆ. ಎರಡು ಊರಿನ ಅಕ್ಷಾಂಶ, ರೇಖಾಂಶ ಗೊತ್ತಿದ್ದರೆ ಸಾಕು. ನಮ್ಮ ಭಾಗದಲ್ಲಿ ಒಂದು ಡಿಗ್ರಿ ಅಕ್ಷಾಂಶ ಅಂದರೆ ಸುಮಾರು 111 ಕಿಲೋಮೀಟರ್. ಒಂದು ಡಿಗ್ರಿ ರೇಖಾಂಶ ಅಂದರೆ ಸುಮಾರು 107. ಎರಡು ನಿಲ್ದಾಣಗಳ ನಡುವೆ ಪೂರ್ವ–ಪಶ್ಚಿಮ ಅಂತರ 166 ಕಿಲೋಮೀಟರ್, ದಕ್ಷಿಣ–ಉತ್ತರ 20. ಹೈಸ್ಕೂಲಿನಲ್ಲಿ ಕಲಿತ ಪೈಥಾಗೊರಸ್ ಪ್ರಮೇಯ ಹಾಕಿದರೆ ಉತ್ತರ 168 ಕಿಲೋಮೀಟರ್. ಎಟಿಆರ್ 72 ಥರದ ಫ್ಯಾನಿನ ವಿಮಾನ ಗಂಟೆಗೆ ಸುಮಾರು 500 ಕಿಲೋಮೀಟರ್ ಹಾರುತ್ತೆ. ಬರೀ ಭಾಗಾಕಾರ ಮಾಡಿದರೆ 20 ನಿಮಿಷ. ಮೇಲೇರೋದು, ಇಳಿಯೋದು, ಎರಡೂ ಕಡೆ ತಿರುಗಿ ರನ್‌ವೇಗೆ ನೇರ ಆಗೋದು, ಎಲ್ಲ ಸೇರಿಸಿ 35 ನಿಮಿಷ.

"35 ನಿಮಿಷ ಸರ್," ಅಂದೆ.

ಅವರು ನಕ್ಕರು. "ಲೆಕ್ಕ ಚಲೋ ಐತ್ರಿ. ವಿಮಾನ ಎಲ್ಲೈತ್ರಿ?"

ವೀಕ್ಷಕರೇ, ಆ ದಿನ ನನ್ನ ಬಾಯಿ ಕಟ್ಟಿತು. ರಾತ್ರಿ ಹೊಸಪೇಟೆಯ ಲಾಡ್ಜಿನಲ್ಲಿ ಕೂತು ಟಿಕೆಟ್ ಹುಡುಕಿದೆ. ನೇರ ವಿಮಾನ ಸಿಗಲಿಲ್ಲ. ಹಾರಲೇಬೇಕು ಅಂದರೆ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗಬೇಕು, ಬೆಂಗಳೂರಿಂದ ವಾಪಸ್ ತೋರಣಗಲ್ಲಿಗೆ ಬರಬೇಕು. ಹುಬ್ಬಳ್ಳಿ–ಬೆಂಗಳೂರು ನೇರ ರೇಖೆಯಲ್ಲಿ ಸುಮಾರು 370 ಕಿಲೋಮೀಟರ್. ಬೆಂಗಳೂರು–ತೋರಣಗಲ್ಲು ಸುಮಾರು 247. ಒಟ್ಟು 617. ಅಂದರೆ 168 ಕಿಲೋಮೀಟರ್ ದಾಟೋಕೆ 617 ಕಿಲೋಮೀಟರ್ ಹಾರಾಟ! ಅಷ್ಟರಲ್ಲಿ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಹೊರಟವನು ಗದಗ, ಕೊಪ್ಪಳ ದಾಟಿ ಹೊಸಪೇಟೆಗೆ ಬಂದು, ಊಟ ಮಾಡಿ, ಒಂದು ನಿದ್ದೆ ತೆಗೆದಿರ್ತಾನೆ.

ಹಾಗಾದರೆ ದೂರ ಅಂದರೆ ಏನು? ನಕ್ಷೆಯಲ್ಲಿ ಇರೋದಾ, ಗಡಿಯಾರದಲ್ಲಿ ಇರೋದಾ? ಈ ಪ್ರಶ್ನೆ ಇಟ್ಟುಕೊಂಡು ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಸೀಮೆಯ ಇತಿಹಾಸವನ್ನು ಸ್ವಲ್ಪ ತಿರುವಿ ನೋಡೋಣ. ಇಲ್ಲಿ ದೂರ ಒಂದು ಮೊಳವೂ ಬದಲಾಗಿಲ್ಲ. ತಗಲುವ ಹೊತ್ತು ಮಾತ್ರ ಐನೂರು ವರ್ಷದಲ್ಲಿ ಹತ್ತಾರು ಸಲ ಬದಲಾಗಿದೆ. ಪ್ರತಿ ಸಲ ಬದಲಾದಾಗಲೂ ಅದರ ಹಿಂದೆ ಯಾರದೋ ಒಂದು ಅಗತ್ಯ ಇತ್ತು. ಆ 'ಯಾರದೋ' ಯಾರು ಅನ್ನೋದೇ ಇವತ್ತಿನ ಮಾತು.

ವಿಜಯನಗರದಿಂದಲೇ ಶುರು ಮಾಡೋಣ. ಹಂಪಿಯಿಂದ ಭಟ್ಕಳ ಬಂದರಿಗೆ ನೇರ ರೇಖೆ ಎಳೆದರೆ ಸುಮಾರು 254 ಕಿಲೋಮೀಟರ್. ಇವತ್ತು ಬೆಂಗಳೂರು–ತೋರಣಗಲ್ಲು ವಿಮಾನ ದಾಟುವ ದೂರಕ್ಕೆ ಹೆಚ್ಚುಕಮ್ಮಿ ಸಮ. ಕೃಷ್ಣದೇವರಾಯನ ಕಾಲದಲ್ಲಿ ಅರಬ್ ದೇಶದ ಕುದುರೆಗಳು ಗೋವಾ, ಭಟ್ಕಳಗಳಲ್ಲಿ ಹಡಗಿನಿಂದ ಇಳಿದು, ಘಟ್ಟ ಹತ್ತಿ, ರಾಜಧಾನಿಗೆ ಬರ್ತಿದ್ದವು. 1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಭಟ್ಕಳದ ದಾರಿಯಲ್ಲಿ ಸಾವಿರಾರು ಹೇರೆತ್ತುಗಳು ಓಡಾಡುವುದನ್ನು ಬರೆದಿದ್ದಾನೆ. ಅವನ ನಂತರ ಬಂದ ನೂನಿಜ್ ಅಂತೂ ಸ್ವತಃ ಕುದುರೆ ವ್ಯಾಪಾರಿ.

ಹೇರು ಹೊತ್ತ ಎತ್ತು ದಿನಕ್ಕೆ 15, ಹೆಚ್ಚೆಂದರೆ 20 ಕಿಲೋಮೀಟರ್ ನಡೆದೀತು. ಘಟ್ಟದ ತಿರುವು ಸೇರಿ ದಾರಿ 300 ಕಿಲೋಮೀಟರ್ ದಾಟುತ್ತೆ. ಅಂದರೆ ಹದಿನೈದು, ಇಪ್ಪತ್ತು ದಿನದ ಪಯಣ. ಇಷ್ಟು ಕಷ್ಟ ಯಾಕೆ? ರಾಯನಿಗೆ ಯುದ್ಧಕ್ಕೆ ಕುದುರೆ ಬೇಕಿತ್ತು. ಉತ್ತರದ ಸುಲ್ತಾನರ ಅಶ್ವದಳಕ್ಕೆ ಎದುರು ನಿಲ್ಲಬೇಕಿತ್ತು. ದೊರೆಗೆ ಬೇಕಿದ್ದರಿಂದ ದಾರಿ ಉಳಿಯಿತು. ದಾರಿ ಉಳಿದಿದ್ದರಿಂದ ದಾರಿಬದಿಯ ಪೇಟೆ ಬೆಳೆಯಿತು. 1565ರಲ್ಲಿ ತಾಳೀಕೋಟೆ ಯುದ್ಧ ಆಯಿತು. ರಾಜಧಾನಿ ಹಾಳಾಯಿತು. ಭಟ್ಕಳ ಅಲ್ಲೇ ಇತ್ತು, ಹಂಪಿಯೂ ಅಲ್ಲೇ ಇತ್ತು. ನಡುವಿನ ಕಿಲೋಮೀಟರ್‌ಗಳೂ ಅಷ್ಟೇ. ಆದರೆ ಆ ದಾರಿಯಲ್ಲಿ ಅರಬ್ ಕುದುರೆ ಹೊಡೆದುಕೊಂಡು ಬರುವ ಕಾರಣ ಯಾರಿಗೂ ಉಳಿಯಲಿಲ್ಲ.

ಮುಂದೆ ಮುನ್ನೂರು ವರ್ಷ ಹಾರಿ ಬನ್ನಿ. 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಬಳ್ಳಾರಿ ಮದ್ರಾಸಿಗೆ ಸೇರಿತು, ದಂಡು ಪ್ರದೇಶ ಆಯಿತು. ಆಮೇಲೆ ಬಂತು 1876ರ ಧಾತು ಸಂವತ್ಸರದ ಬರ. ಬಳ್ಳಾರಿ ಜಿಲ್ಲೆ ಅಕ್ಷರಶಃ ಬೆಂದುಹೋಯಿತು. ಧಾನ್ಯ ಇದ್ದ ಊರಿಂದ ಇಲ್ಲದ ಊರಿಗೆ ಹೊತ್ತು ತರೋಕೆ ಎತ್ತಿನ ಗಾಡಿ ಬಿಟ್ಟರೆ ಗತಿ ಇಲ್ಲ. ಬರದಲ್ಲಿ ಎತ್ತುಗಳೂ ಬದುಕಲ್ಲ. ಆ ಪಾಠದಿಂದಲೇ ಸದರ್ನ್ ಮರಾಠಾ ರೈಲ್ವೆ ಹುಟ್ಟಿದ್ದು. 1880ರ ದಶಕದಲ್ಲಿ ಬಳ್ಳಾರಿ, ಹೊಸಪೇಟೆ, ಗದಗ ನಡುವೆ ಮೀಟರ್‌ಗೇಜ್ ಹಳಿ ಬಿತ್ತು. ಮನುಷ್ಯರ ಪಯಣಕ್ಕಿಂತ ಮೊದಲು ಬರಗಾಲದ ಭಯ ಆ ಹಳಿಯನ್ನು ಎಳೆದಿತ್ತು.

ಆದರೆ ಆ ಹಳಿ ಯಾವ ಕಡೆಗೆ ಮುಖ ಮಾಡಿತ್ತು ನೋಡಿ. ಮದ್ರಾಸು ಒಂದು ಕಡೆ, ಪಶ್ಚಿಮದ ಬಂದರು ಇನ್ನೊಂದು ಕಡೆ. ಬೆಂಗಳೂರಿನ ಕಡೆಗೆ ಅಲ್ಲವೇ ಅಲ್ಲ. ಯಾಕಂದ್ರೆ ಬೆಂಗಳೂರು ಬೇರೆ ಸರ್ಕಾರದ್ದು, ಮೈಸೂರು ಮಹಾರಾಜರದ್ದು. ಇವತ್ತಿಗೂ ಹಂಪಿ ಎಕ್ಸ್‌ಪ್ರೆಸ್ ಹತ್ತಿದವರಿಗೆ ಇದು ಮೈಯಲ್ಲೇ ಗೊತ್ತು. ರಾತ್ರಿ ಬೆಂಗಳೂರಲ್ಲಿ ಹತ್ತಿ ಮಲಗಿದರೆ ರೈಲು ಧರ್ಮಾವರಂ, ಗುಂತಕಲ್ಲು ಅಂತ ಆಂಧ್ರ ಸುತ್ತಿಕೊಂಡು ಬೆಳಗ್ಗೆ ಬಳ್ಳಾರಿಗೆ, ಹೊಸಪೇಟೆಗೆ ಬರುತ್ತೆ. ಕರ್ನಾಟಕದಿಂದ ಕರ್ನಾಟಕಕ್ಕೆ ಬರೋಕೆ ಆಂಧ್ರದ ದಾರಿ. ಬ್ರಿಟಿಷರು ಹೋಗಿ ಮುಕ್ಕಾಲು ಶತಮಾನ ಆಗಿದೆ, ಅವರು ಎಳೆದ ಗೆರೆ ಇನ್ನೂ ನಮ್ಮ ನಿದ್ದೆಯ ಗಂಟೆ ನಿರ್ಧರಿಸುತ್ತಿದೆ.

ಈಗ ವಿಮಾನಕ್ಕೆ ಬರ್ತೀನಿ. ಈ ಸೀಮೆಯ ವಿಮಾನದ ಕಥೆ ಉಡಾನ್ ಯೋಜನೆಯಿಂದ ಶುರು ಆಯ್ತು ಅಂದುಕೊಂಡಿದ್ದೀರಾ? ಅಲ್ಲ. ಭಾರತದ ವಿಮಾನಯಾನದ ಮೊದಲ ಪುಟದಲ್ಲೇ ಬಳ್ಳಾರಿಯ ಹೆಸರಿದೆ.

1932ರ ಅಕ್ಟೋಬರ್ 15. ಜೆ.ಆರ್.ಡಿ. ಟಾಟಾ ಅವರಿಗೆ ಆಗ ಇಪ್ಪತ್ತೆಂಟು ವರ್ಷ. ಕರಾಚಿಯಿಂದ ಪುಸ್ ಮಾತ್ ಅನ್ನೋ ಒಂದೇ ಇಂಜಿನ್ನಿನ ಪುಟ್ಟ ವಿಮಾನ ಏರಿದರು. ಲಂಡನ್ನಿಂದ ಇಂಪೀರಿಯಲ್ ಏರ್‌ವೇಸ್ ತಂದು ಕರಾಚಿಯಲ್ಲಿ ಇಳಿಸಿದ್ದ ಟಪಾಲು ಅವರ ಹಿಂದಿನ ಸೀಟಿನಲ್ಲಿತ್ತು. ತೂಕ ಸುಮಾರು 25 ಕಿಲೋ. ಅಹಮದಾಬಾದಿನಲ್ಲಿ ಇಳಿದಾಗ ಎತ್ತಿನ ಗಾಡಿಯಲ್ಲಿ ಪೆಟ್ರೋಲ್ ಡಬ್ಬ ಬಂತು. ಅಲ್ಲಿಂದ ಬೊಂಬಾಯಿಯ ಜುಹು. ಜುಹುವಿನಲ್ಲಿ ಕಾಯ್ತಾ ಇದ್ದವರು ನೆವಿಲ್ ವಿನ್ಸೆಂಟ್, ಬ್ರಿಟಿಷ್ ವಾಯುಪಡೆಯಲ್ಲಿದ್ದ ಪೈಲಟ್, ಈ ಟಪಾಲು ಸೇವೆಯ ಯೋಜನೆಯ ಹಿಂದಿನ ತಲೆ. ಟಪಾಲಿನ ಚೀಲ ಅವರ ವಿಮಾನಕ್ಕೆ ಹೋಯಿತು. ಅವರು ಮದ್ರಾಸಿಗೆ ಹೊರಟರು. ರಾತ್ರಿ ತಂಗಿದ್ದೆಲ್ಲಿ ಗೊತ್ತಾ? ಬಳ್ಳಾರಿಯಲ್ಲಿ. ಆ ಸೇವೆಯೇ ಮುಂದೆ ಏರ್ ಇಂಡಿಯಾ ಆಯಿತು.

ಯಾಕೆ ಬಳ್ಳಾರಿ? ಮತ್ತೆ ಲೆಕ್ಕಕ್ಕೆ ಕೂತೆ. ಜುಹುವಿನಿಂದ ಮದ್ರಾಸಿಗೆ ನೇರ ರೇಖೆ ಸುಮಾರು 1,035 ಕಿಲೋಮೀಟರ್. ಬಳ್ಳಾರಿಯ ಮೇಲೆ ಹೋದರೆ 610 ಮತ್ತು 430, ಒಟ್ಟು 1,040. ವ್ಯತ್ಯಾಸ ಇಲ್ಲವೇ ಇಲ್ಲ ಅನ್ನಬಹುದು. ಬಳ್ಳಾರಿ ಹೆಚ್ಚುಕಮ್ಮಿ ಆ ಗೆರೆಯ ಮೇಲೇ ಕೂತಿದೆ. ಇನ್ನು ಹೊತ್ತು. ಪುಸ್ ಮಾತ್ ಗಂಟೆಗೆ ಸುಮಾರು 170 ಕಿಲೋಮೀಟರ್ ಹಾರುವ ವಿಮಾನ. ಎಲ್ಲೂ ನಿಲ್ಲದೆ ಹಾರಿದರೂ ಜುಹುವಿನಿಂದ ಬಳ್ಳಾರಿಗೆ ಮೂರೂವರೆ ಗಂಟೆಗೂ ಮಿಕ್ಕಿ ಬೇಕು. ಮಧ್ಯಾಹ್ನದ ನಂತರ ಹೊರಟರೆ ಬಳ್ಳಾರಿ ಮುಟ್ಟುವಾಗ ಸಂಜೆ. ಅಕ್ಟೋಬರ್ ತಿಂಗಳು, ಆರು ಗಂಟೆಗೆಲ್ಲ ಹೊತ್ತು ಮುಳುಗುತ್ತೆ. ಮದ್ರಾಸು ಇನ್ನೂ ಎರಡೂವರೆ ಗಂಟೆಯ ದಾರಿ. ರೇಡಿಯೋ ಇಲ್ಲ, ನೆಲದಲ್ಲಿ ದಾರಿ ತೋರಿಸುವ ದೀಪ ಇಲ್ಲ. ಕತ್ತಲಲ್ಲಿ ಹಾರುವಂತಿಲ್ಲ. ಹೀಗೆ ಸೂರ್ಯ ಎಲ್ಲಿ ಮುಳುಗಿದನೋ ಅಲ್ಲೇ ಲಂಡನ್ನಿನ ಪತ್ರ ಮಲಗಿತು. ಬೆಳಗಾದ ಮೇಲೆ ಮದ್ರಾಸಿಗೆ ಹೋಯಿತು.

ಮೊದಲ ವರ್ಷದಲ್ಲಿ ಟಾಟಾ ಅವರ ಸೇವೆ 1,60,000 ಮೈಲಿ ಹಾರಿತು. 155 ಜನ ಪ್ರಯಾಣಿಕರು, 9.72 ಟನ್ ಟಪಾಲು, 60,000 ರೂಪಾಯಿ ಲಾಭ. ಗಮನಿಸಿ: ವರ್ಷವಿಡೀ ಬರೀ 155 ಮನುಷ್ಯರು. ವಿಮಾನ ಹಾರುತ್ತಿದ್ದುದು ಮನುಷ್ಯರಿಗಾಗಿ ಅಲ್ಲ, ಕಾಗದಕ್ಕಾಗಿ. ಬೊಂಬಾಯಿ, ಮದ್ರಾಸಿನ ವ್ಯಾಪಾರಿಗಳಿಗೆ ಲಂಡನ್ನಿನ ಪತ್ರ ಬೇಗ ಬೇಕಿತ್ತು. ಅದಕ್ಕೆ ಬಳ್ಳಾರಿಯಲ್ಲಿ ವಿಮಾನ ಇಳಿಯಿತು. ಬಳ್ಳಾರಿಯವರಿಗೆ ಬೇಕು ಅಂತ ಅಲ್ಲ.

ಹಾಗಾಗಿಯೇ ಅದು ಉಳಿಯಲೂ ಇಲ್ಲ. ಕೆಲವೇ ವರ್ಷಗಳಲ್ಲಿ ಬೊಂಬಾಯಿ–ಮದ್ರಾಸು ಮಾರ್ಗದಲ್ಲಿ ಬಳ್ಳಾರಿಯ ಜಾಗಕ್ಕೆ ಹೈದರಾಬಾದ್ ಬಂತು. ಈಗ ಅದರ ಲೆಕ್ಕ ನೋಡಿ. ಹೈದರಾಬಾದ್ ಮೇಲೆ ಸುತ್ತಿದರೆ ಒಟ್ಟು ಸುಮಾರು 1,150 ಕಿಲೋಮೀಟರ್. ಬಳ್ಳಾರಿ ದಾರಿಗಿಂತ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರ! ನೇರ ಗೆರೆಯ ಮೇಲಿದ್ದ ಊರನ್ನು ಬಿಟ್ಟು, ಸುತ್ತು ದಾರಿಯ ಊರನ್ನು ಹಿಡಿದರು. ಹೈದರಾಬಾದು ನಿಜಾಮನ ರಾಜಧಾನಿ. ದೊಡ್ಡ ಊರು. ಅಲ್ಲಿ ಟಪಾಲೂ ಇತ್ತು, ದುಡ್ಡೂ ಇತ್ತು. ನನಗೆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿಸಿದ್ದು ಎರಡು ಬಿಂದುಗಳ ನಡುವೆ ಅತಿ ಕಡಿಮೆ ದಾರಿ ಸರಳ ರೇಖೆ ಅಂತ. ಈ ಸೀಮೆಯ ಇತಿಹಾಸ ಅದಕ್ಕೆ ಒಂದು ತಿದ್ದುಪಡಿ ಸೇರಿಸಿದೆ: ರೇಖೆ ಎಳೆಯುವವನ ಕೈ ಯಾರದು ಅಂತ ಮೊದಲು ಕೇಳು.

ಆ 1932ರಲ್ಲಿ ವಿನ್ಸೆಂಟ್ ಈ ಸೀಮೆಯ ಮೇಲೆ ಹಾರಿದಾಗ ಕೆಳಗಿನ ನಕ್ಷೆ ಹೇಗಿತ್ತು ಅಂತ ಒಮ್ಮೆ ಊಹಿಸಿ. ಹೊಸಪೇಟೆ, ಹಂಪಿ, ಕಂಪ್ಲಿ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆ. ಪಕ್ಕದ ಸಂಡೂರು ಘೋರ್ಪಡೆ ರಾಜಮನೆತನದ ಪ್ರತ್ಯೇಕ ಸಂಸ್ಥಾನ. ತುಂಗಭದ್ರೆ ದಾಟಿದರೆ ಆನೆಗೊಂದಿ, ಗಂಗಾವತಿ. ಅದು ನಿಜಾಮನ ರಾಜ್ಯ. ಐವತ್ತು ಕಿಲೋಮೀಟರ್ ಸುತ್ತಳತೆಯಲ್ಲಿ ಮೂರು ಆಡಳಿತ! ಸಂಡೂರು 1949ರಲ್ಲಿ ಮದ್ರಾಸಿಗೆ ವಿಲೀನವಾಯಿತು. ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಬಂತು. ಹೊಳೆಯಾಚೆಯವರು 1956ರ ನವೆಂಬರ್ 1ರಂದು ನಮ್ಮ ಜೊತೆ ಸೇರಿದರು. ಗಡಿ ಅಳಿಸಿತು. ಆದರೆ ಹೊಳೆ ಉಳಿಯಿತು.

ಹೊಳೆಯ ಮಾತು ಬಂದಿದ್ದಕ್ಕೆ ಒಂದು ಫೋನ್ ಕರೆಯ ವಿಷಯ ಹೇಳಬೇಕು. ಕಂಪ್ಲಿಯಿಂದ ಒಬ್ಬ ಹೆಣ್ಣುಮಗಳು ನಮ್ಮ ಕಾರ್ಯಕ್ರಮಕ್ಕೆ ಫೋನ್ ಮಾಡಿದ್ದರು. ವಿಮಾನ ನಿಲ್ದಾಣದ ಬಗ್ಗೆ ಚರ್ಚೆ ನಡೀತಾ ಇತ್ತು. ಅವರು ಹೇಳಿದ್ದು ಇಷ್ಟು: "ಅಣ್ಣಾರ, ನೀವು ವಿಮಾನದ್ದು ಮಾತಾಡಾಕತ್ತೀರಿ. ಡ್ಯಾಮಿನಾಗಿಂದ ನೀರು ಬಿಟ್ರಂದ್ರ ನಮ್ಮ ಸೇತುವಿ ಮುಳುಗತೈತಿ. ಗಂಗಾವತಿ ಕಣ್ಣಿಗೆ ಕಾಣ್ತೈತಿ, ಕಾಲಿಗೆ ಸಿಗಂಗಿಲ್ಲ. ನಮ್ಮ ನೆಗೆಣ್ಣಿಗೆ ಹೊಟ್ಟಿ ನೋವು ಶುರುವಾದಾಗ ಬುಕ್ಕಸಾಗರದ ಮ್ಯಾಲೆ ಸುತ್ತು ಹಾಕ್ಕೊಂಡು ಹೋಗಿ ಮುಟ್ಟಿಸಿದ್ವಿ. ದೇವರು ದೊಡ್ಡಾಂವ, ತಾಯಿ ಕೂಸು ಇಬ್ರೂ ಉಳಿದ್ರು."

ಕಂಪ್ಲಿಯಿಂದ ಗಂಗಾವತಿ ಹತ್ತು–ಹನ್ನೆರಡು ಕಿಲೋಮೀಟರ್ ದಾರಿ. ಬೇಸಿಗೆಯಲ್ಲಿ ಇಪ್ಪತ್ತು ನಿಮಿಷ. ತುಂಗಭದ್ರಾ ಜಲಾಶಯ ತುಂಬಿ ಗೇಟು ಎತ್ತಿದ ದಿನ ಅದೇ ದಾರಿ ಬಂದ್. ಜಲಾಶಯ ತುಂಬಿತು ಅಂತ ನಾವು ಟಿವಿಯಲ್ಲಿ ಸಂಭ್ರಮದ ದೃಶ್ಯ ತೋರಿಸ್ತೀವಿ. ಬಾಗಿನ ಬಿಡೋದನ್ನು ನೇರ ಪ್ರಸಾರ ಮಾಡ್ತೀವಿ. ಅದೇ ನೀರು ಕಂಪ್ಲಿಯಲ್ಲಿ ಒಂದು ಬಸುರಿ ಹೆಂಗಸಿನ ದಾರಿ ಕಟ್ಟಿರುತ್ತೆ. ಅದು ನಮ್ಮ ಪರದೆಯ ಕೆಳಗೆ ಒಂದು ಸಾಲಿನಲ್ಲಿ ಓಡಿ ಹೋಗುತ್ತೆ. ಈ ತಪ್ಪು ನನ್ನದೂ ಹೌದು.

ಹಂಪಿ–ಆನೆಗೊಂದಿಯ ಕಥೆಯೂ ಇದೇ. ತಳವಾರಘಟ್ಟದಲ್ಲಿ ನಿಂತು ಕೂಗಿದರೆ ಆಚೆ ದಡದವರಿಗೆ ಕೇಳುತ್ತೆ. ಹರಿಗೋಲಿನಲ್ಲಿ ಕೂತರೆ ಕೆಲವೇ ನಿಮಿಷ. ಅಲ್ಲಿ ಸೇತುವೆ ಕಟ್ಟೋಕೆ ಹೊರಟರು. ಸ್ಮಾರಕಗಳಿಗೆ ಧಕ್ಕೆ ಅನ್ನೋ ಆಕ್ಷೇಪ ಬಂತು. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದ ಹಂಪಿಯನ್ನು ಯುನೆಸ್ಕೊ 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿತು, 2006ರಲ್ಲಿ ತೆಗೆಯಿತು. 2009ರ ಜನವರಿಯಲ್ಲಿ ಕಟ್ಟುತ್ತಿದ್ದ ಆ ಸೇತುವೆಯೇ ಕುಸಿದು ಬಿತ್ತು. ಕಾರ್ಮಿಕರು ಜೀವ ಕಳೆದುಕೊಂಡರು. ಆಮೇಲೆ ಬುಕ್ಕಸಾಗರ–ಕಡೆಬಾಗಿಲು ನಡುವೆ ಬೇರೆ ಸೇತುವೆ ಆಯಿತು. ಆ ಮಧ್ಯದ ವರ್ಷಗಳಲ್ಲಿ ಕಣ್ಣೆದುರಿನ ಊರಿಗೆ ಗಾಡಿಯಲ್ಲಿ ಹೋಗಬೇಕಾದವರು ಹೊಸಪೇಟೆ, ಮುನಿರಾಬಾದು ಅಂತ ಊರೆಲ್ಲ ಸುತ್ತಿ ಹೋಗುತ್ತಿದ್ದರು. ಸ್ಮಾರಕ ಉಳೀಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಳೆ ದಾಟುವ ಮನುಷ್ಯನಿಗೆ ಬೇರೆ ದಾರಿ ಮೊದಲು ಕೊಟ್ಟು, ಆಮೇಲೆ ಈ ದಾರಿ ಬೇಡ ಅನ್ನಬಹುದಿತ್ತಲ್ಲವಾ?

ಇನ್ನು ನಮ್ಮ ಗೈಡ್ ಕೇಳಿದ ಆ ನಿಲ್ದಾಣ. ಅದು ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿದೆ. ಹೆಸರು ಜಿಂದಾಲ್ ವಿಜಯನಗರ ವಿಮಾನ ನಿಲ್ದಾಣ. ಟಿಕೆಟ್ ಮೇಲೆ ವಿದ್ಯಾನಗರ ಅಂತ ಇರುತ್ತೆ. ಅದು ಸರ್ಕಾರದ್ದಲ್ಲ, ಜೆಎಸ್‌ಡಬ್ಲ್ಯು ಉಕ್ಕಿನ ಕಂಪನಿಯದ್ದು. ಹೊಸಪೇಟೆಯಿಂದ 33 ಕಿಲೋಮೀಟರ್ ಆಸುಪಾಸು, ಬಳ್ಳಾರಿಯಿಂದ ಸುಮಾರು 30. ಹಂಪಿಗೆ ಅತಿ ಹತ್ತಿರದ ನಿಲ್ದಾಣ ಇದೇ.

ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಗೆ ಇಂದಿರಾ ಗಾಂಧಿ 1971ರಲ್ಲಿ ಅಡಿಗಲ್ಲು ಹಾಕಿದ್ದರು. ಸರ್ಕಾರದ ಕಾರ್ಖಾನೆ ಬರುತ್ತೆ ಅಂತ ಒಂದು ತಲೆಮಾರು ಕಾಯಿತು. ಬರಲಿಲ್ಲ. 1994ರಲ್ಲಿ ಜಿಂದಾಲ್ ವಿಜಯನಗರ ಸ್ಟೀಲ್ ಕಂಪನಿ ಶುರುವಾಯಿತು. ಕಾರ್ಖಾನೆ ಬಂತು, ಪಕ್ಕದಲ್ಲಿ ವಿದ್ಯಾನಗರ ಟೌನ್‌ಶಿಪ್ ಬಂತು, ಕಂಪನಿಯವರ ಓಡಾಟಕ್ಕೆ ರನ್‌ವೇ ಬಂತು. ಸಂಡೂರಿನ ಅದಿರು ಉಕ್ಕಾಗೋಕೆ ದೇಶವಿದೇಶದಿಂದ ಜನ ಬೇಗ ಬರಬೇಕಿತ್ತು. ಹಿಂದೆ ಕುದುರೆಗಾಗಿ ದಾರಿ, ಆಮೇಲೆ ಧಾನ್ಯಕ್ಕಾಗಿ ಹಳಿ, ಟಪಾಲಿಗಾಗಿ ವಿಮಾನ. ಈಗ ಉಕ್ಕಿಗಾಗಿ ರನ್‌ವೇ.

ಜನಸಾಮಾನ್ಯರಿಗೆ ಅದರ ಬಾಗಿಲು ತೆರೆದಿದ್ದು 2006ರಲ್ಲಿ, ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಬಂದಾಗ. ಅದು ಬಹಳ ಕಾಲ ನಡೆಯಲಿಲ್ಲ. ಮತ್ತೆ 2017ರಲ್ಲಿ ಉಡಾನ್ ಯೋಜನೆಯಡಿ ಟ್ರೂಜೆಟ್ ಬಂತು. ಬೆಂಗಳೂರು, ಹೈದರಾಬಾದುಗಳಿಗೆ ಎಟಿಆರ್ ಹಾರಿತು. ಉಡಾನ್ ಲೆಕ್ಕ ಸರಳ. ಒಂದು ಗಂಟೆಯ ಹಾರಾಟಕ್ಕೆ ಅರ್ಧದಷ್ಟು ಸೀಟಿನ ದರ 2,500 ರೂಪಾಯಿ ಆಸುಪಾಸಿಗೆ ಮಿತಿ. ಅದರಿಂದ ಕಂಪನಿಗೆ ಆಗುವ ನಷ್ಟವನ್ನು ಮೂರು ವರ್ಷ ಸರ್ಕಾರ ತುಂಬಿಕೊಡುತ್ತೆ, ಅದರಲ್ಲಿ ರಾಜ್ಯದ ಪಾಲು ಶೇಕಡ 20. ಮೂರು ವರ್ಷದಲ್ಲಿ ಮಾರ್ಗ ಸ್ವಂತ ಕಾಲ ಮೇಲೆ ನಿಲ್ಲಬೇಕು ಅನ್ನೋದು ಆಸೆ. 2022ರಲ್ಲಿ ಟ್ರೂಜೆಟ್ ಕಂಪನಿಯೇ ಹಾರಾಟ ನಿಲ್ಲಿಸಿತು. ಬೇರೆ ಕಂಪನಿಗಳು ಬಂದವು. ಆದರೆ ಊರಿನವರ ಮನಸ್ಸಿನಲ್ಲಿ ಒಂದು ಮಾತು ಉಳಿದುಬಿಟ್ಟಿದೆ: ಇಲ್ಲಿನ ವಿಮಾನ ಅಂದರೆ ನೆಂಟರಿದ್ದ ಹಾಗೆ, ಯಾವಾಗ ಬರ್ತಾರೋ, ಯಾವಾಗ ಹೋಗ್ತಾರೋ.

ಬಳ್ಳಾರಿಗೆ ಪ್ರತ್ಯೇಕ ನಿಲ್ದಾಣ ಮಾಡ್ತೀವಿ ಅಂತ ಚಾಗನೂರು, ಸಿರಿವಾರದ ಕಡೆ ನೂರಾರು ಎಕರೆ ಭೂಮಿಗೆ ಕೈ ಹಾಕಿದ್ದೂ ಆಯಿತು. ನೀರಾವರಿ ಭೂಮಿ, ಕೊಡಲ್ಲ ಅಂತ ರೈತರು ಬೀದಿಗಿಳಿದರು. ಅಲ್ಲಿ ಇವತ್ತಿಗೂ ಪ್ರಯಾಣಿಕರ ವಿಮಾನ ಇಳಿದಿಲ್ಲ.

ಈಗ ಬೆಂಗಳೂರಿಂದ ಹಂಪಿಗೆ ಬರುವವನ ಗಡಿಯಾರ ನೋಡೋಣ. ವಿಮಾನ ಹಾರುವ ದೂರ 247 ಕಿಲೋಮೀಟರ್, ವೇಳಾಪಟ್ಟಿಯ ಪ್ರಕಾರ ಹೆಚ್ಚುಕಮ್ಮಿ ಒಂದು ಗಂಟೆ. ಆದರೆ ಮೆಜೆಸ್ಟಿಕ್ಕಿನಿಂದ ದೇವನಹಳ್ಳಿಗೆ ಒಂದರಿಂದ ಒಂದೂವರೆ ಗಂಟೆ. ಅಲ್ಲಿ ಕಾಯೋದು ಒಂದೂವರೆ ಗಂಟೆ. ಇಳಿದ ಮೇಲೆ ತೋರಣಗಲ್ಲಿನಿಂದ ಹಂಪಿಗೆ ಇನ್ನೊಂದು ಗಂಟೆ, ಅದೂ ಅದಿರಿನ ಲಾರಿಗಳು ದಾರಿ ಬಿಟ್ಟರೆ. ಒಟ್ಟು ಐದು ಗಂಟೆ. ಕಾರಿನಲ್ಲಿ ಚಿತ್ರದುರ್ಗದ ಮೇಲೆ ಬಂದರೆ ಹೊಸಪೇಟೆಗೆ ಸುಮಾರು 340 ಕಿಲೋಮೀಟರ್, ಆರು ಗಂಟೆ. ಉಳಿದದ್ದು ಒಂದು ಗಂಟೆ. ವಿಮಾನ ಬೇಡ ಅಂತ ನಾನು ಹೇಳ್ತಿಲ್ಲ. ಆಕಾಶದ ಒಂದು ಗಂಟೆಯನ್ನು ಎಷ್ಟು ಕಡಿಮೆ ಮಾಡಿದರೂ ನೆಲದ ನಾಲ್ಕು ಗಂಟೆ ಹಾಗೇ ಇರುತ್ತೆ ಅಂತ ಹೇಳ್ತಿದ್ದೀನಿ.

ಹಾಗಾದರೆ ಹುಬ್ಬಳ್ಳಿ–ವಿದ್ಯಾನಗರ ವಿಮಾನ ಬೇಕಾ? ನನ್ನ ಲೆಕ್ಕ ಹೇಳುತ್ತೆ: 35 ನಿಮಿಷದ ಹಾರಾಟಕ್ಕೆ ಎರಡೂ ಕಡೆ ಸೇರಿ ಮೂರು ಗಂಟೆ ಓಡಾಟ, ಕಾಯುವಿಕೆ. ರಸ್ತೆಯಲ್ಲಿ ನೇರ ಬಂದರೂ ಮೂರು, ಮೂರೂವರೆ ಗಂಟೆ. 168 ಕಿಲೋಮೀಟರಿಗೆ ವಿಮಾನ ಔಷಧ ಅಲ್ಲ. ಅದಕ್ಕೆ ಔಷಧ ಬೇಗ ಓಡುವ ರೈಲು, ಗುಂಡಿ ಇಲ್ಲದ ರಸ್ತೆ. ಗೈಡ್ ಸಾಹೇಬ್ರಿಗೂ ಅದು ಗೊತ್ತಿತ್ತು ಅನಿಸುತ್ತೆ. ಅವರು ಕೇಳಿದ್ದು ವಿಮಾನವನ್ನಲ್ಲ. ಹುಬ್ಬಳ್ಳಿಯಲ್ಲಿ ಇಳಿದ ಪ್ರವಾಸಿ ಹಂಪಿಗೆ ಬರುವ ಮೊದಲೇ ಬೇಸತ್ತು ಬೇರೆ ಕಡೆ ತಿರುಗಿದರೆ, ಅವತ್ತಿನ ಅವರ ಕೂಲಿ ಹೋಯಿತು. ಅವರಿಗೆ ದೂರ ಅಂದರೆ ಅದು.

2021ರಲ್ಲಿ ವಿಜಯನಗರ ಹೊಸ ಜಿಲ್ಲೆ ಆಯಿತು. ಹೊಸಪೇಟೆ, ಹಂಪಿ ಅದರೊಳಗೆ. ವಿಜಯನಗರದ ಹೆಸರು ಹೊತ್ತ ವಿಮಾನ ನಿಲ್ದಾಣ ಮಾತ್ರ ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನಲ್ಲಿ. ಕಂಪ್ಲಿಯೂ ಬಳ್ಳಾರಿಯಲ್ಲೇ. ಕಂಪ್ಲಿಯಿಂದ ಆ ರನ್‌ವೇಗೆ ನೇರ ರೇಖೆಯಲ್ಲಿ ಬರೀ 26 ಕಿಲೋಮೀಟರ್. ಅಲ್ಲಿನ ಮನೆಗಳ ಮೇಲೆ ವಿಮಾನ ಹೋಗೋದನ್ನು ಮಕ್ಕಳು ನೋಡ್ತಾರೆ. ಅದೇ ಮಕ್ಕಳ ಅಮ್ಮಂದಿರು ಹೊಳೆ ಬಂದ ದಿನ ಹನ್ನೆರಡು ಕಿಲೋಮೀಟರ್ ದಾಟಲಾರದೆ ನಿಲ್ತಾರೆ.

ಕುದುರೆಗೆ ದಾರಿ ಆಯಿತು, ಧಾನ್ಯಕ್ಕೆ ಆಯಿತು, ಟಪಾಲಿಗೆ ಆಯಿತು, ಉಕ್ಕಿಗೆ ಆಯಿತು. ಪ್ರತಿ ಸಲವೂ ಬೇಕು ಅಂತ ಹೇಳುವ ಶಕ್ತಿ ಇದ್ದವರು ಹೇಳಿದರು, ಆಯಿತು. ಈಗ ಹೇಳಬೇಕಾದವರು ನಾವು. ಮುಂದಿನ ಸಲ ಯಾರಾದರೂ ಮಂತ್ರಿ ಬಂದು ಈ ಊರಿಗೆ ವಿಮಾನ, ಆ ಊರಿಗೆ ವಿಮಾನ, ಇಷ್ಟು ನಿಮಿಷ, ಅಷ್ಟು ನಿಮಿಷ ಅಂತ ಭಾಷಣ ಮಾಡಿದರೆ ಚಪ್ಪಾಳೆ ಹೊಡೀರಿ, ತಪ್ಪಿಲ್ಲ. ಚಪ್ಪಾಳೆ ಮುಗಿದ ಮೇಲೆ ಒಂದೇ ಒಂದು ಪ್ರಶ್ನೆ ಕೇಳಿ: "ಸ್ವಾಮಿ, ಆಗಸ್ಟ್ ತಿಂಗಳಲ್ಲಿ ಕಂಪ್ಲಿಯಿಂದ ಗಂಗಾವತಿಗೆ ಎಷ್ಟು ಹೊತ್ತು?"